ಬಾಟ್ಲಿ ಏರಿಸುವ ಮುಂಚೆ ನಾನು ಕೇಳುವುದು

ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಆಗಿ 11 ವರ್ಷ ಆಯಿತು. ಕಬ್ಬು ಕಡಿಯುವ ಕಾಲ ಬಂತು ಅಂದರೆ ದಿನಕ್ಕೆ ನಾಲ್ಕೈದು ಜನರ ಬಾಯಲ್ಲಿ ಇದೇ ಮಾತು: “ಸುಸ್ತು ಕಣವ್ವ, ಒಂದ್ ಬಾಟ್ಲಿ ಏರ್ಸು. ಹಳದೀದೇ ಹಾಕು.”

ಹಳದೀದು ಅಂದರೆ ಎಂವಿಐ, ವಿಟಮಿನ್ ಡ್ರಿಪ್. ಆ ಬಣ್ಣ ಬಿ2 ವಿಟಮಿನ್‌ನದು. ಡ್ರಿಪ್ ಆದ ಮೇಲೆ ಮೂತ್ರ ಗಾಢ ಹಳದಿ ಬಂದರೆ ಹೆದರಬೇಕಿಲ್ಲ, ಮೈಗೆ ಜಾಸ್ತಿಯಾದದ್ದು ಹೊರಗೆ ಹೋಗುತ್ತಿದೆ ಅಷ್ಟೇ.

ಡಾಕ್ಟರು ಚೀಟಿಯಲ್ಲಿ ಬರೆದಿದ್ದರೂ ನಾನು ಕೇಳಿಯೇ ಕೇಳುತ್ತೇನೆ. ಹಿಂದೆ ಯಾವುದಾದರೂ ಇಂಜೆಕ್ಷನ್ ಒಗ್ಗದೆ ಮೈ ದದ್ದೆದ್ದಿತ್ತಾ? ಕಿಡ್ನಿ ತೊಂದರೆ ಇದೆಯಾ? ಕುಡಿತ ಇದೆಯಾ? ಊಟ ಬಿಟ್ಟು ಕುಡಿಯುವವರಿಗೆ ಬಿ1 ಕೊಡದೆ ಗ್ಲೂಕೋಸ್ ಹಾಕಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ಇದನ್ನು ಸುಮ್ನೆ ಕೇಳುವುದಲ್ಲ.

ಆಮೇಲೆ ಆಂಪೂಲಿನ, ಅಂದರೆ ಔಷಧಿ ಇರುವ ಪುಟ್ಟ ಗಾಜಿನ ಸೀಸೆಯ, ಕುತ್ತಿಗೆಗೆ ಹತ್ತಿ ಸುತ್ತಿ ಮುರಿಯುತ್ತೇನೆ. ಘಾಟು ವಾಸನೆ ಮೂಗಿಗೆ ಬಡಿಯುತ್ತದೆ. ಔಷಧಿಯನ್ನು 500 ಎಂಎಲ್ ಸಲೈನಿಗೆ ಸೇರಿಸಿ, ಬೆಳಕು ಬಿದ್ದರೆ ವಿಟಮಿನ್ ಕೆಡುತ್ತದೆ ಅಂತ ಬಾಟ್ಲಿಗೆ ಕಾಗದ ಸುತ್ತುತ್ತೇನೆ. ನಮ್ಮ ಡ್ರಿಪ್ ಕೊಳವೆಯ ಸೆಟ್ಟಿನಲ್ಲಿ 20 ಹನಿಗೆ 1 ಎಂಎಲ್. ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ಹಿಡಿದು ಎಣಿಸುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ ಅವ್ವ ನಾನು ಆ ಕಡೆ ಹೋದಾಗ ಹನಿಯ ವೇಗ ಹೊಂದಿಸುವ ಚಕ್ರ ತಿರುಗಿಸಿ ಪೂರ್ತಿ ಬಿಟ್ಟುಕೊಂಡಿದ್ದರು. ಸಂಜೆ ಹಸು ಕರೆದು ಡೇರಿಗೆ ಹಾಲು ಹಾಕಬೇಕಲ್ಲ ಅನ್ನುವ ಆತುರ. ನಾನು ಬರುವಷ್ಟರಲ್ಲಿ ಮುಖ ಕೆಂಪಾಗಿ, ತಲೆ ಸುತ್ತಿ, ಬೆವರುತ್ತಿದ್ದರು. ತಕ್ಷಣ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆದೆ. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡರು. ನನ್ನ ಕೈ ನಡುಗುತ್ತಲೇ ಇತ್ತು. ಆವತ್ತಿನಿಂದ ಚಕ್ರ ಮುಟ್ಟಬೇಡಿ ಅಂತ ಮೊದಲೇ ಹೇಳುತ್ತೇನೆ, ಮನೆಯವರಿಗೂ ಹೇಳುತ್ತೇನೆ.

ಅವರ ರಕ್ತ ನೋಡಿದರೆ ಹಿಮೋಗ್ಲೋಬಿನ್ ಬರೀ 8. ಆ ವರ್ಷ ಅದಾಗಲೇ ಮೂರು ಸಲ ಬೇರೆ ಕಡೆ ಹಳದಿ ಬಾಟ್ಲಿ ಹಾಕಿಸಿಕೊಂಡಿದ್ದರಂತೆ. ಮೈಯಲ್ಲಿ ಕಡಿಮೆ ಇದ್ದದ್ದು ಕಬ್ಬಿಣ. ಎಂವಿಐನಲ್ಲಿ ಕಬ್ಬಿಣವೇ ಇಲ್ಲ! ಸಂಕಟ ಆಯಿತು ನನಗೆ. ಕೂಲಿ ದುಡ್ಡು ಅಲ್ವಾ ಅದು? ಬಾಯಲ್ಲಿ ಊಟ, ಮಾತ್ರೆ ಹೋಗುವವರಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಗೋಗರೆಯುವುದು ಇದಕ್ಕೇ.

ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಮಾತ್ರೆ ಜೊತೆ ಕಾಫಿ, ಟೀ ಬೇಡ, ನಿಂಬೆಹಣ್ಣಿನ ಪಾನಕ ಆಗಬಹುದು ಅಂತ ನಾನು ಹೇಳಿ ಕಳಿಸಿದೆ. ಮೂರು ತಿಂಗಳು ಬಿಟ್ಟು ಬಂದಾಗ 10.8 ಇತ್ತು.

“ಕಾಫಿ ಬಿಟ್ರಾ ಅವ್ವ?”

“ಬುಟ್ಟಿಲ್ಲ ಕಣ್ ಮಗ. ಮಾತ್ರೆ ನುಂಗಿ ಎರಡು ಗಂಟೆ ತಡ್ಕತೀನಿ.”