ಬಳ್ಳಾರಿ ಬಿಸಿಲಲ್ಲಿ ಹಿತ್ತಲ ಕೈತೋಟ

ಶಿವರಾತ್ರಿ ಮುಗಿಯುತ್ತಿದ್ದಂತೆ ನಮ್ಮೂರಲ್ಲಿ ಬಹಳ ಜನ ಕೈತೋಟದ ಆಸೆ ಬಿಟ್ಟುಬಿಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಏನು ತಾನೇ ಬೆಳೆದೀತು ಎಂಬ ಲೆಕ್ಕ. ನಾನು ಮಾತ್ರ ಬೇಸಿಗೆಗಾಗಿಯೇ ಕಾಯುತ್ತೇನೆ. ಸೆಕೆಯನ್ನು ಬೇಡುವ ಗಿಡಗಳನ್ನು ಆರಿಸಿ, ಎಲೆಗಿಂತ ಮೊದಲು ಬುಡದ ಮಣ್ಣನ್ನು ಕಾಪಾಡಿದರೆ ಮೇ ತಿಂಗಳಲ್ಲೂ ಅಡುಗೆಮನೆಗೆ ತಾಜಾ ಕಾಯಿಪಲ್ಲೆ ಬರುತ್ತದೆ.

ಈ ಕಾಲಕ್ಕೆ ಟೊಮೆಟೊ ಹಟ ಬೇಡ. ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂವು ಉದುರುತ್ತದೆ, ಗೊಬ್ಬರ ಎಷ್ಟು ಹಾಕಿದರೂ ಕಾಯಿ ಕಚ್ಚುವುದಿಲ್ಲ. ಹೂಕೋಸು, ಕೊತ್ತಂಬರಿ ಚಳಿಗಾಲಕ್ಕಿರಲಿ. ಬೆಂಡೆ, ಚವಳಿಕಾಯಿ (ಗೋರಿಕಾಯಿ), ಹರಿವೆ, ಬಸಳೆ ಹಾಕಿ. ಬೆಂಡೆ ಬೀಜವನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಅಡಿಗೊಂದರಂತೆ ಊರಿ. ಬೆಂಡೆ ಹೂವನ್ನು ನೋಡಬೇಕೆಂದರೆ ಬೆಳಿಗ್ಗೆಯೇ ಹೋಗಬೇಕು: ತೆಳು ಹಳದಿ ಎಸಳು, ನಡುವೆ ಕಡುಗೆಂಪು, ಸಂಜೆಯೊಳಗೆ ಮುದುಡುತ್ತದೆ. ಹೂ ಬಿಟ್ಟು ಐದಾರು ದಿನಕ್ಕೆ ಕಾಯಿ ಕೀಳಲೇಬೇಕು. ಬಲಿಯಲು ಬಿಟ್ಟರೆ ನಾರಾಗುತ್ತದೆ, ಮುಂದಿನ ಕಾಯಿಗಳೂ ಕಡಿಮೆಯಾಗುತ್ತವೆ.

ಇನ್ನು ಮಣ್ಣು. ನಮ್ಮದು ಎರೆ ಮಣ್ಣು, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಬಿರುಕಿನೊಳಗಿಂದ ತೇವ ಆರಿಹೋಗುತ್ತದೆ, ಎಳೆಬೇರೂ ಹರಿಯುತ್ತದೆ. ಇದಕ್ಕೆ ಹೊದಿಕೆಗಿಂತ ಒಳ್ಳೆ ಮದ್ದಿಲ್ಲ. ನಮ್ಮ ಕಡೆ ಶೇಂಗಾ ಹೊಟ್ಟು ಸಿಗುತ್ತದೆ, ಕಬ್ಬಿನ ರವದಿಯೂ (ಒಣಗಿದ ಗರಿ) ನಡೆಯುತ್ತದೆ. ಮೊದಲು ನೆಲ ಚೆನ್ನಾಗಿ ನೆನೆಸಿ, ಆಮೇಲೆ ಮೂರು ಇಂಚು ದಪ್ಪ ಹರಡಿ. ಕಾಂಡದ ಸುತ್ತ ನಾಲ್ಕು ಬೆರಳಷ್ಟು ಜಾಗ ಬಿಡುವುದನ್ನು ಮರೆಯಬೇಡಿ, ಹೊಟ್ಟು ಕಾಂಡಕ್ಕೆ ತಾಗಿದ್ದರೆ ಗೆದ್ದಲು ಅದರ ಮರೆಯಲ್ಲೇ ಗಿಡಕ್ಕೆ ಹತ್ತುತ್ತದೆ.

ಬಸಳೆಗೆ, ಹೊಸ ಕರಿಬೇವಿನ ಸಸಿಗೆ ನೀರುಣಿಸಲು ನಾನು ಮಣ್ಣಿನ ಮಡಿಕೆ ಹೂಳುತ್ತೇನೆ. ಎಣ್ಣೆ, ಬಣ್ಣ ತಾಗದ, ಕಿರಿದಾದ ಬಾಯಿಯ, ಐದಾರು ಲೀಟರಿನ ಹೊಸ ಮಡಿಕೆ ಬೇಕು. ಕುಂಬಾರಣ್ಣ ನನಗೆ ಆರಿಸಿ ಕೊಡುವಾಗ ಹೇಳಿದ್ದು ಇಷ್ಟೇ: “ನೀರು ತುಂಬಿ ಅರ್ಧ ತಾಸು ಇಟ್ಟು ನೋಡ್ರಿ ಅಕ್ಕಾ, ಮೈ ಬೆವರಿದ್ರ ನಿಮ್ಮ ಕೆಲಸಕ್ಕ ಬರತೈತಿ.” ಹೊರಮೈ ಒದ್ದೆಯಾಗದ ಮಡಿಕೆ ಹೂತು ಪ್ರಯೋಜನವಿಲ್ಲ. ಕತ್ತಿನವರೆಗೂ ಹೂತು, ಸುತ್ತ ಗೊಬ್ಬರ ಬೆರೆಸಿದ ಮಣ್ಣು ಒತ್ತಿ, ಒಂದು ಗೇಣು ದೂರಕ್ಕೆ ಸಸಿ ನೆಡಿ. ನೀರು ತುಂಬಿ ಬಾಯಿಗೆ ಹೆಂಚಿನ ಚೂರು ಮುಚ್ಚಿ. ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಸುತ್ತಲ ಮಣ್ಣು ಒಣಗಿದಷ್ಟೂ ಮಡಿಕೆ ಜಿನುಗುತ್ತದೆ, ಮಣ್ಣು ನೆಂದಿದ್ದರೆ ಜಿನುಗುವುದು ನಿಧಾನವಾಗುತ್ತದೆ. ಬೇಸಿಗೆ ಕಳೆದ ಮೇಲೆ ಅಗೆದು ನೋಡಿ, ಮಡಿಕೆಯ ಮೈಗೆ ಬಿಳಿ ಎಳೆಬೇರುಗಳು ಬಲೆಯಂತೆ ಅಂಟಿಕೊಂಡಿರುತ್ತವೆ. ಅದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಹೇಳತೀರದು. ಬೋರ್‌ವೆಲ್ಲಿನ ಗಡಸು ನೀರಾದರೆ ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತದೆ. ವರ್ಷಕ್ಕೊಮ್ಮೆ ತೆಗೆದು ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿ.

ಉಳಿದ ಗಿಡಗಳಿಗೆ ಬೆಳಿಗ್ಗೆ ಬಿಸಿಲೇರುವ ಮೊದಲು ನೀರು. ಮಧ್ಯಾಹ್ನ ಎಲೆ ಜೋತುಬಿದ್ದಿದೆ ಎಂದು ಗಾಬರಿಯಾಗಿ ಪೈಪು ಹಿಡಿಯಬೇಡಿ, ಪೈಪಿನಲ್ಲಿ ನಿಂತ ನೀರೇ ಕೈ ಸುಡುವಷ್ಟು ಕಾದಿರುತ್ತದೆ. ಹೊತ್ತು ಇಳಿದ ಮೇಲೂ ಎಲೆ ಏಳದಿದ್ದರೆ ಹೊದಿಕೆ ಸರಿಸಿ, ಬೆರಳು ಊರಿ ನೋಡಿ. ಎರಡು ಇಂಚು ಕೆಳಗೂ ಒಣಗಿದ್ದರೆ ಆಗ ಕೊಡಿ. ಪಶ್ಚಿಮದ ಗೋಡೆ ಪಕ್ಕದ ಗಿಡಗಳಿಗೆ ಸಂಜೆ ಬಿಸಿಲೇ ಹೆಚ್ಚು ಬಾಧೆ. ಆ ದಿಕ್ಕಿಗೆ ಒಂದು ನುಗ್ಗೆ ಇದ್ದರೆ ಹದವಾದ ನೆರಳು ಸಿಗುತ್ತದೆ, ಇಲ್ಲವಾದರೆ ಹಸಿರು ಪರದೆ ಕಟ್ಟಿ.

ಬೆಂಡೆ ಎಲೆಯ ನರ ಹಳದಿಯಾದರೆ ಅದು ಬಿಳಿ ನೊಣ ಹರಡುವ ನಂಜು, ವಾಸಿಯಾಗುವುದಿಲ್ಲ. ಗಿಡ ಕಿತ್ತುಬಿಡಿ. ದಾಸವಾಳದ ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಿ.

ದುಂಡುಮಲ್ಲಿಗೆ ಇಲ್ಲದ ಬೇಸಿಗೆಯನ್ನು ನಾನು ಒಪ್ಪುವುದಿಲ್ಲ. ಅದು ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬಿಡುತ್ತದೆ. ಹಾಗಾಗಿ ಚಳಿಗಾಲದಲ್ಲೇ ಧಾರಾಳವಾಗಿ ಸವರಿ ಗೊಬ್ಬರ ಕೊಟ್ಟಿರಬೇಕು. ಒಂದು ಸುತ್ತು ಹೂ ಮುಗಿದಾಗಲೆಲ್ಲ ತುದಿ ಚಿವುಟಿ. ಮೊಗ್ಗು ಬೆಳ್ಳಗೆ ಉಬ್ಬಿದ್ದರೆ ಸಂಜೆ ಅರಳುವ ಮೊದಲೇ ಬಿಡಿಸಿ, ಬಾಳೆನಾರಲ್ಲಿ ಕಟ್ಟಿ. ಮುಡಿದ ಮೇಲೆ ಅರಳಿದರೆ ಮನೆಯೆಲ್ಲ ಘಮ.

ಏಪ್ರಿಲ್ ಕೊನೆಗೆ ನುಗ್ಗೆಯ ನೆರಳಲ್ಲಿ ಬ್ಯಾಡಗಿ ಮೆಣಸಿನ ಬೀಜ ಚೆಲ್ಲಿ ಸಸಿ ಮಾಡಿಕೊಳ್ಳಿ. ಮೇ 25ರ ಸುಮಾರಿಗೆ ರೋಹಿಣಿ ಮಳೆ ನಕ್ಷತ್ರ ಕೂಡುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಮುಂದೆ ಮೃಗಶಿರಕ್ಕೆ ನೆಲ ಹದವಾಗುವ ಹೊತ್ತಿಗೆ ಮೆಣಸಿನ ಸಸಿ ನಾಟಿಗೆ ಬಂದಿರುತ್ತದೆ. ಶೇಂಗಾ ಹೊಟ್ಟನ್ನು ಪಕ್ಕಕ್ಕೆ ಸರಿಸಿ, ಅದೇ ಮಡಿಯಲ್ಲಿ ಒಂದೂವರೆ ಅಡಿಗೊಂದರಂತೆ ಸಂಜೆ ಹೊತ್ತಲ್ಲಿ ನೆಡಿ.