ಅಳಿಸಿಹೋದ ಕಾಂಟ್ಯಾಕ್ಟ್ ವಾಪಸ್ ತರುವುದು: ನನ್ನ ಅನುಭವ

ದಾವಣಗೆರೆಯಲ್ಲಿ ರಿಪೇರಿಗೆ ಫೋನ್ ತರುವವರಲ್ಲಿ ಎಪಿಎಂಸಿ ದಲಾಲರು, ಲಾರಿ ಏಜೆಂಟರು, ಜಗಳೂರು ಕಡೆಯ ಮೆಕ್ಕೆಜೋಳ ಬೆಳೆಗಾರರು ಬಹಳ. ಇವರಿಗೆ ನಂಬರ್ ಹೋಯಿತೆಂದರೆ ವ್ಯವಹಾರವೇ ನಿಂತಂತೆ. "ನಂಬರೆಲ್ಲಾ ಹೋಗ್ಯಾವ್ರಿ" ಎಂದು ಫೋನ್ ಕೊಟ್ಟ ಕೂಡಲೇ ನಾನು ನೆಟ್ ಆಫ್ ಮಾಡುತ್ತೇನೆ. ಸಿಂಕ್, ಅಂದರೆ ಫೋನ್ ಮತ್ತು ಜಿಮೇಲ್ ಖಾತೆಯ ಪಟ್ಟಿ ನೆಟ್ ಮೂಲಕ ತಾನಾಗಿ ಒಂದೇ ಆಗುವುದು, ಎರಡೂ ಕಡೆ ಓಡುತ್ತದೆ: ಒಂದು ಫೋನ್‌ನಲ್ಲಿ ಅಳಿಸಿದ್ದು ಅದೇ ಜಿಮೇಲ್ ಇರುವ ಇನ್ನೊಂದರಲ್ಲೂ ಅಳಿಸಿಹೋಗುತ್ತದೆ.

ಹಾಗಾಗಿ ಮನೆಯಲ್ಲಿ ಹಳೆಯ ಫೋನ್ ಸ್ವಿಚ್ ಆಫ್ ಆಗಿ ಬಿದ್ದಿದ್ದರೆ ಅದಕ್ಕೆ ಬೆಲೆ ಹೆಚ್ಚು. ಸಿಮ್ ತೆಗೆದು, ವೈಫೈ ಸಿಗದ ಕಡೆ ಆನ್ ಮಾಡಿ, ಕಾಂಟ್ಯಾಕ್ಟ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ ವಿಸಿಎಫ್ (ಹೆಸರು, ನಂಬರ್ ಇಡುವ) ಫೈಲ್ ಮಾಡಿಕೊಳ್ಳಿ. ನೆಟ್ ಸಿಕ್ಕಿತೋ, ಅಲ್ಲಿದ್ದದ್ದೂ ಹೋಗುತ್ತದೆ.

ಎಷ್ಟೋ ಸಲ ನಂಬರ್ ಹೋಗಿರುವುದೇ ಇಲ್ಲ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಯಾವ ಖಾತೆಯ ಹೆಸರು ತೋರಿಸಬೇಕು ಎಂಬ ಆಯ್ಕೆ ಬದಲಾಗಿರುತ್ತದೆ. ಎಲ್ಲಾ ಖಾತೆ ಎಂದು ಇಟ್ಟರೆ ಕಾಣಿಸುತ್ತವೆ. ಆಮೇಲೆ ಸಿಮ್ ನೋಡಿ. ಸಿಮ್‌ನಲ್ಲಿ ಹೆಸರಿಗೆ ಜಾಗ ಕಡಿಮೆ; 'ಮಲ್ಲಿಕಾರ್ಜುನ' ಎಂದು ಕನ್ನಡದಲ್ಲಿ ಉಳಿಸಿದ್ದು 'ಮಲ್ಲಿಕ' ಆಗಿ ತುಂಡಾಗಿರಬಹುದು. ಹುಡುಕುವಾಗ ಪೂರ್ತಿ ಹೆಸರು ಹಾಕಬೇಡಿ.

ನಮ್ಮ ಕಡೆ ಹೆಚ್ಚು ನಷ್ಟವಾಗುವುದು ಮನೆಗೆಲ್ಲಾ ಒಂದೇ ಜಿಮೇಲ್ ಇಟ್ಟುಕೊಂಡಾಗ. ಮಗನ ಜಿಮೇಲನ್ನೇ ಅಪ್ಪನ ಫೋನ್‌ಗೂ ಹಾಕಿರುತ್ತಾರೆ. ಹಾಸ್ಟೆಲ್‌ನಲ್ಲಿರುವ ಮಗ 'ಲಾರಿ ಹರಿಹರ', 'ಹಮಾಲಿ ಹನುಮಂತ' ಯಾರೋ ಏನೋ ಎಂದು ಅಳಿಸುತ್ತಾನೆ, ಇತ್ತ ಅಪ್ಪನ ಮಂಡಿ ನಂಬರ್ ಮಾಯ. ಇದನ್ನು ಸರಿಮಾಡುವುದು ಕಂಪ್ಯೂಟರ್‌ನಲ್ಲೇ ಸಲೀಸು. ಬ್ರೌಸರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಎಡಗಡೆಯ ಟ್ರ್ಯಾಶ್ ನೋಡಿ. ಅಳಿಸಿದ ಹೆಸರು ಅಲ್ಲಿ 30 ದಿನ ಇರುತ್ತದೆ, ಬೇಕಾದ್ದನ್ನು ಟಿಕ್ ಮಾಡಿ ವಾಪಸ್ ಪಡೆಯಬಹುದು. ಹೆಸರು ಅಳಿಸಿರದೆ ತಪ್ಪಾಗಿ ಒಂದಕ್ಕೊಂದು ಸೇರಿಹೋಗಿದ್ದರೆ ಟ್ರ್ಯಾಶ್ ಸಾಲದು. ಮೇಲಿನ ಗೇರ್ ಗುರುತಿನಲ್ಲಿ ಅಂಡೂ ಚೇಂಜಸ್ ಇದೆ. ಅದು ಇಡೀ ಪಟ್ಟಿಯನ್ನು ಹಿಂದಿನ ಒಂದು ಸಮಯಕ್ಕೆ ಒಯ್ಯುತ್ತದೆ, ಇದಕ್ಕೂ ಮಿತಿ 30 ದಿನ. ಆ ಸಮಯದ ನಂತರ ಸೇರಿಸಿದ ಹೊಸ ನಂಬರ್ ಆಗ ಹೋಗುತ್ತವೆ. ಅದಕ್ಕೇ ಅಂಡೂ ಒತ್ತುವ ಮುಂಚೆ ಈಗಿನ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟು, ಆಮೇಲೆ ಅದನ್ನು ಮತ್ತೆ ಒಳಗೆ ತಂದು, ಎರಡೆರಡು ಬಂದಿರುವ ಹೆಸರನ್ನು ಮರ್ಜ್ ಮಾಡಬೇಕು. ಕೆಲಸ ಮುಗಿದ ಮೇಲೆ ಅಪ್ಪನಿಗೆ ಬೇರೆ ಜಿಮೇಲ್ ಮಾಡಿ, ಅವರ ನಂಬರ್ ಮಾತ್ರ ಅದಕ್ಕೆ ಹಾಕಿ, ಮಗನ ಖಾತೆಯನ್ನು ಆ ಫೋನ್‌ನಿಂದ ತೆಗೆದುಬಿಡಿ.

ಐಫೋನ್‌ನವರಿಗೆ ಐಕ್ಲೌಡ್ ವೆಬ್‌ಸೈಟ್‌ನ ಡೇಟಾ ರಿಕವರಿಯಲ್ಲಿ ಹಳೆಯ ಪಟ್ಟಿ ಸಿಗುತ್ತದೆ.

ಫೈಲ್ ಇಡುವಾಗ ವಿಸಿಎಫ್ ಆಗಿಯೇ ಇಡಿ. ಸಿಎಸ್‌ವಿ ಎಂಬ ಕೋಷ್ಟಕದ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಕನ್ನಡ ಹೆಸರು ಕೆಡಬಹುದು, 91 ಹಚ್ಚಿದ ಉದ್ದ ನಂಬರ್ ದಶಾಂಶದ ಅಂಕಿಯಾಗಬಹುದು. ವಿಸಿಎಫ್ ಒಳಗೆ ಇ-ಸೊನ್ನೆ-ಬಿ-2 ಎಂಬ ಇಂಗ್ಲಿಷ್ ಅಕ್ಷರ-ಅಂಕಿಗಳ ಸಾಲು ಕಂಡರೆ ಗಾಬರಿ ಬೇಡ; ಅದು ಕನ್ನಡ ಅಕ್ಷರಗಳ ಸಂಕೇತ, ಇಂಪೋರ್ಟ್ ಮಾಡಿದಾಗ ಹೆಸರಾಗುತ್ತದೆ.

ಫ್ಯಾಕ್ಟರಿ ರೀಸೆಟ್‌ನಲ್ಲಿ ಫೋನ್ ಪೂರ್ತಿ ಅಳಿಸಿಹೋಗಿ, ಕ್ಲೌಡ್‌ನಲ್ಲೂ (ಅಂದರೆ ಗೂಗಲ್‌ನಂಥ ಖಾತೆಯಲ್ಲೂ) ಇಲ್ಲದಿದ್ದರೆ ರಿಕವರಿ ಆ್ಯಪ್‌ಗೆ ದುಡ್ಡು ಕೊಡಬೇಡಿ. ಈಗಿನ ಆಂಡ್ರಾಯ್ಡ್ ಫೋನ್‌ನ ಮೆಮೊರಿ ಎನ್‌ಕ್ರಿಪ್ಟ್ (ಕೀಲಿ ಇಲ್ಲದೆ ಓದಲಾಗದಂತೆ) ಆಗಿರುತ್ತದೆ, ರೀಸೆಟ್‌ನಲ್ಲಿ ಅದರ ಕೀಲಿಯೇ ಅಳಿಯುತ್ತದೆ. ಆ ಆ್ಯಪ್ ಕೇಳುವ ಕಾಂಟ್ಯಾಕ್ಟ್, ಸ್ಟೋರೇಜ್ ಅನುಮತಿಯಿಂದ ಉಳಿದದ್ದೂ ಹೊರಗೆ ಹೋಗುವ ಭಯವಿದೆ. ಬದಲಿಗೆ ವಾಟ್ಸ್‌ಆ್ಯಪ್ ಗ್ರೂಪಿನ ಸದಸ್ಯರ ಪಟ್ಟಿ ನೋಡಿ. ಯುಪಿಐ ಪಾವತಿಯ ಹಳೆಯ ಲೆಕ್ಕವನ್ನೂ ನೋಡಿ. ಹಣ ಪಡೆದವರ ಬ್ಯಾಂಕ್ ಖಾತೆಯಲ್ಲಿರುವ ಹೆಸರು ಅಲ್ಲಿರುತ್ತದೆ, ಲಾರಿ ಡ್ರೈವರ್‌ಗಳನ್ನು ಗುರುತು ಹಿಡಿಯಲು ಇದು ಚೆನ್ನಾಗಿ ಒದಗುತ್ತದೆ.

ಇನ್ನು ಗೋಪ್ಯತೆ. ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಕೀಲಿ ನಮ್ಮ ಕೈಯಲ್ಲಿ ಮಾತ್ರ ಇರುವ ರಕ್ಷಣೆ) ಇಲ್ಲ. ಐಕ್ಲೌಡ್‌ನ ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್ ಎಂಬ ಹೆಚ್ಚಿನ ರಕ್ಷಣೆ ಹಾಕಿದರೂ ಕಾಂಟ್ಯಾಕ್ಟ್ಸ್ ಅದರ ಹೊರಗೇ ಉಳಿಯುತ್ತದೆ. ಅಂದರೆ ಕಂಪನಿ ಕೈಯಲ್ಲಿ ಕೀಲಿ ಇದೆ. ಪಾಸ್‌ವರ್ಡ್ ಗೊತ್ತಿರುವ ಯಾರ ಕೈಯಲ್ಲಾದರೂ ಪಟ್ಟಿ ಇದೆ. ಆದರೂ ನಾನು ಸಿಂಕ್ ಇಟ್ಟುಕೊಳ್ಳಿ ಎನ್ನುತ್ತೇನೆ, ಯಾಕೆಂದರೆ ನಂಬರ್ ಕಳೆದುಕೊಳ್ಳುವ ಕಷ್ಟ ಹೆಚ್ಚು. ಆದರೆ 'ಎಟಿಎಂ' ಎಂದು ಹೆಸರು ಹಾಕಿ ಪಿನ್ ಉಳಿಸಿದ್ದರೆ ಇವತ್ತೇ ತೆಗೆಯಿರಿ. ಅದು ಕ್ಲೌಡ್‌ಗೂ ಹೋಗಿರುತ್ತದೆ, ಕಾಂಟ್ಯಾಕ್ಟ್ ಅನುಮತಿ ಇರುವ ಪ್ರತಿ ಆ್ಯಪ್‌ಗೂ ಕಾಣುತ್ತದೆ. ಟ್ರ್ಯಾಶ್‌ನಿಂದಲೂ ಅಳಿಸಿ, ಬ್ಯಾಂಕ್‌ನಲ್ಲಿ ಪಿನ್ ಬದಲಿಸಿ.

ವಾಟ್ಸ್‌ಆ್ಯಪ್ ಬ್ಯಾಕಪ್‌ಗೆ 2021ರಿಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಆಯ್ಕೆ ಇದೆ, ನಾವೇ ಆನ್ ಮಾಡಬೇಕು. ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರದ ಕೀಲಿ ಇಟ್ಟುಕೊಂಡರೆ ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಫೋನೂ ಹೋಗಿ ಕೀಲಿಯೂ ಹೋದರೆ ವಾಟ್ಸ್‌ಆ್ಯಪ್‌ನವರೂ ತೆರೆದುಕೊಡಲಾರರು.

ರಿಪೇರಿ ಅಂಗಡಿಯಲ್ಲಿ ಈ ಕೆಲಸ ಮಾಡಿಸಿದಿರಾದರೆ, ಅಲ್ಲಿಂದ ಏಳುವ ಮುಂಚೆ ಆ ಕಂಪ್ಯೂಟರ್‌ನ ಡೌನ್‌ಲೋಡ್ಸ್‌ನಲ್ಲಿರುವ ವಿಸಿಎಫ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿ, ಬ್ರೌಸರ್‌ನಿಂದ ಜಿಮೇಲ್ ಸೈನ್ ಔಟ್ ಮಾಡಿ. ಫೋನ್‌ನ ಗೂಗಲ್ ಖಾತೆಯ ಸೆಕ್ಯೂರಿಟಿ ಪುಟದಲ್ಲಿ ಯುವರ್ ಡಿವೈಸಸ್ ಒತ್ತಿ, ಅಂಗಡಿಯ ಕಂಪ್ಯೂಟರ್ ಇನ್ನೂ ಸೈನ್ ಇನ್ ಎಂದು ತೋರಿಸಿದರೆ ಅಲ್ಲಿಂದಲೇ ತೆಗೆಯಿರಿ.