ಅತ್ತೆ ಸಿಗಡಿ ಬಿಡಲಿಲ್ಲ, ತುಪ್ಪ ಬಿಟ್ಟರು

ಕೊಲೆಸ್ಟ್ರಾಲ್ ಜಾಸ್ತಿ ಅಂತ ರಿಪೋರ್ಟ್ ಬಂದರೆ ನಮ್ಮ ಮಂಗಳೂರಿನ ಮನೆಗಳಲ್ಲಿ ಮೊದಲು ನಿಲ್ಲುವುದು ಸಿಗಡಿ. ನಮ್ಮ ಅತ್ತೆಗೆ ಹಾಗೆ ಬಂದಾಗಲೂ ನೆಂಟರೆಲ್ಲ ಅದನ್ನೇ ಹೇಳಿದರು. ಅತ್ತೆ ಮಾತ್ರ, "ಬೇರೆ ಏನು ಬೇಕಾದರೂ ಬಿಡ್ತೇನೆ, ಎಟ್ಟಿ ಬಿಡ್ಲಿಕ್ಕೆ ಹೇಳ್ಬೇಡ ಮಾರಾಯ್ತಿ" ಅಂದರು. ಎಟ್ಟಿ ಅಂದರೆ ತುಳುವಿನಲ್ಲಿ ಸಿಗಡಿ. ಡಾಕ್ಟರ್ ಹತ್ತಿರ ಕೂತು ಕೇಳಿದೆವು. ಸಿಗಡಿಗಿಂತ ಅದರ ಜೊತೆ ಬಾಣಲೆಗೆ ಏನು ಬೀಳುತ್ತದೆ ಅಂತ ನೋಡಿ ಅಂದರು.

ಲೆಕ್ಕ ಹೀಗಿದೆ. ಬೇಯಿಸಿದ 100 ಗ್ರಾಂ ಸಿಗಡಿಯಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ, ಹೆಚ್ಚುಕಡಿಮೆ ಒಂದು ಮೊಟ್ಟೆಯಷ್ಟು. ಆದರೆ ಕೊಬ್ಬು ಒಂದು ಗ್ರಾಂ ಆಸುಪಾಸು ಅಷ್ಟೇ. ಪ್ರೋಟೀನ್ 20 ಗ್ರಾಂ ದಾಟುತ್ತದೆ, ಕ್ಯಾಲೊರಿ 100ರ ಹತ್ತಿರ. ಬಿ12, ಅಯೋಡಿನ್, ಸೆಲೆನಿಯಂ ಕೂಡ ಸಿಗುತ್ತದೆ. ಹೆಚ್ಚಿನವರಲ್ಲಿ ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಜಾಸ್ತಿ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು. ಅದು ಒಂದು ದೊಡ್ಡ ಚಮಚ ತುಪ್ಪದಲ್ಲೇ ಸುಮಾರು 8 ಗ್ರಾಂ ಇರುತ್ತದೆ. ಘೀ ರೋಸ್ಟ್‌ಗೆ ನಾವು ಎಷ್ಟು ತುಪ್ಪ ಸುರಿಯುತ್ತೇವೆ, ಗೊತ್ತೇ ಇದೆ ಅಲ್ವಾ? ಗಸಿಗೆ ಅರೆಯುವ ತೆಂಗಿನಕಾಯಿಯಲ್ಲೂ ಅದೇ ಕೊಬ್ಬು.

ಹಾಗಾಗಿ ನಾನು ಹುಳಿ-ಖಾರದ ಪುಳಿಮುಂಚಿ ಸಾರಿಗೆ ಬಂದೆ. ಇದಕ್ಕೆ ಕಾಯಿ ಬೇಡ, ತುಪ್ಪ ಬೇಡ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ ಎಣ್ಣೆಯಿಲ್ಲದೆ ಹುರಿದು, ಬೆಳ್ಳುಳ್ಳಿ, ಹುಣಸೆಹುಳಿ ಸೇರಿಸಿ ನುಣ್ಣಗೆ ಅರೆಯುತ್ತೇನೆ. ಒಂದೇ ಚಮಚ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ ಮಸಾಲೆ ಚೆನ್ನಾಗಿ ಕುದಿಸುತ್ತೇನೆ. ಹಸಿ ವಾಸನೆ ಪೂರ್ತಿ ಹೋದ ಮೇಲೆಯೇ ಸಿಗಡಿ ಹಾಕುವುದು. ಬೂದು ಬಣ್ಣದ ಮೈ ಅಂಚಿನಿಂದ ಕೆಂಪಗಾಗುತ್ತಾ ಬರುತ್ತದೆ, ಬಾಲ ಒಳಕ್ಕೆ ಬಾಗುತ್ತದೆ. ನಡುಭಾಗ ಬಿಳಿಯಾಗಿ ಎಲ್ಲೂ ಪಾರದರ್ಶಕ ಉಳಿಯದಿದ್ದರೆ ಬೆಂದಿದೆ ಅಂತಲೇ. ಮಧ್ಯಮ ಗಾತ್ರದ್ದಕ್ಕೆ ಮೂರು-ನಾಲ್ಕು ನಿಮಿಷ ಸಾಕು. ಆಮೇಲೂ ಒಲೆ ಮೇಲೆ ಬಿಟ್ಟರೆ ರಬ್ಬರ್ ಥರ ಆಗುತ್ತದೆ. ಆ ಕೆಂಪು ಅಸ್ಟಾಕ್ಸಾಂಥಿನ್ ಅನ್ನುವ ಬಣ್ಣ. ಹಸಿ ಸಿಗಡಿಯಲ್ಲಿ ಪ್ರೋಟೀನಿಗೆ ಅಂಟಿಕೊಂಡು ಅಡಗಿರುತ್ತದೆ, ಬಿಸಿ ತಾಗಿದಾಗ ಬಿಡುಗಡೆಯಾಗುತ್ತದೆ.

ಬಸಳೆ ಸಿಕ್ಕಿದ ದಿನ ಬಸಳೆ-ಸಿಗಡಿ ಪದಾರ್ಥ. ದಂಟು ಮೊದಲು ಬೇಯಿಸಿಕೊಂಡು ಸಿಗಡಿ ಕೊನೆಗೆ. ಸೊಪ್ಪು ಜಾಸ್ತಿ ಇರುವುದರಿಂದ ಒಬ್ಬರಿಗೆ ಆರೇಳು ಸಿಗಡಿ ಬಂದರೂ ತಟ್ಟೆ ತುಂಬಿದ ಹಾಗೆ ಕಾಣುತ್ತದೆ. ಕಾಯಿ ಹಾಕದಿದ್ದರೆ ರುಚಿ ಇಲ್ಲ ಅಂತ ಅತ್ತೆಯ ವಾದ, ಹಾಗಾಗಿ ಮೊದಲಿನ ಅರ್ಧದಷ್ಟು ಹಾಕುತ್ತೇನೆ.

ಸಿಗಡಿ ತರುವುದು ದಕ್ಕೆಯಿಂದ, ಅಂದರೆ ಮೀನಿನ ಬೋಟ್‌ಗಳು ಬರುವ ಬಂದರಿನಿಂದ, ಬೆಳಿಗ್ಗೆಯೇ. ತಲೆ ಮೈಗೆ ಗಟ್ಟಿಯಾಗಿ ಅಂಟಿರಬೇಕು, ಸಿಪ್ಪೆ ಹೊಳೆಯುತ್ತಿರಬೇಕು. ತಲೆ ಕಪ್ಪಾಗಿ ಸಡಿಲವಾಗಿದ್ದರೆ, ಅಮೋನಿಯದ ಹಾಗೆ ಮೂಗಿಗೆ ಹೊಡೆದರೆ ಎಷ್ಟು ಕಡಿಮೆ ರೇಟಿಗೆ ಕೊಟ್ಟರೂ ಬೇಡ. ಒಂದು ಕಿಲೋ ತಂದರೆ ತಲೆ, ಸಿಪ್ಪೆ ಹೋಗಿ ಉಳಿಯುವುದು ಸುಮಾರು ಅರ್ಧ ಕಿಲೋ. ಬೆನ್ನಿನ ಕಪ್ಪು ನೂಲು ಕರುಳು, ಅದರಲ್ಲಿ ಮರಳೂ ಇರುತ್ತದೆ. ಅದನ್ನು ತೆಗೆದೇ ತೊಳೆಯುತ್ತೇನೆ.

ಜೂನ್-ಜುಲೈಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಆಗ ಒಣ ಸಿಗಡಿ ಚಟ್ನಿ. ಅತ್ತೆಗೆ ಬಿಪಿಯೂ ಇದೆ, ಒಣಗಿಸಿದ್ದರಲ್ಲಿ ಉಪ್ಪು ಜಾಸ್ತಿ ಇರಬಹುದು. ಚೆನ್ನಾಗಿ ತೊಳೆದು ಹುರಿದು, ರುಚಿ ನೋಡಿಯೇ ಉಪ್ಪು ಹಾಕುತ್ತೇನೆ.

ಮುಂದಿನ ರಿಪೋರ್ಟ್‌ನಲ್ಲಿ ಅತ್ತೆಯ ಕೊಲೆಸ್ಟ್ರಾಲ್ ಇಳಿದಿತ್ತು. ಮಾತ್ರೆ, ಸಂಜೆಯ ನಡಿಗೆ ಎರಡೂ ಇದ್ದವು, ಹಾಗಾಗಿ ಎಲ್ಲ ಅಡುಗೆಯಿಂದಲೇ ಆಯಿತು ಅನ್ನಲಾರೆ. ಇನ್ನೊಂದು ಮಾತು: ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಬೇಕಾದರೆ ಸಿಗಡಿಗಿಂತ ಬೂತಾಯಿ, ಬಂಗುಡೆ ಮೀನು ಒಳ್ಳೆಯದು. ವಾರದಲ್ಲಿ ಹೆಚ್ಚು ದಿನ ನಮ್ಮಲ್ಲಿ ಅವೇ. ಸಿಗಡಿ ತಿಂದು ಮೈ ತುರಿಸುವವರು, ತುಟಿ ಊದುವವರು ಮಾತ್ರ ಒಂದನ್ನೂ ಬಾಯಿಗೆ ಹಾಕಬಾರದು. ಆ ಅಲರ್ಜಿ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನಮ್ಮ ನಾದಿನಿಯ ಮಗಳಿಗೆ ಹಾಗಾಗುತ್ತದೆ, ಅವಳು ಬಂದ ದಿನ ಬಾಣಲೆ, ಸೌಟು ಎಲ್ಲ ಬೇರೆಯೇ ಇಡುತ್ತೇನೆ.